ಅನಿಲ ಸಿಕ್ಕಿತು; ಆಮೇಲೆ?

ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಅನಿಲ ಸಿಕ್ಕಿತೆಂದು ಪತ್ರಿಕೆಯಲ್ಲಿ ಓದಿದೊಡನೆ, ನಾಳೆಯೇ ಒಲೆ ಉರಿಯುವುದೆಂದು ನಾವು ಭಾವಿಸುವುದುಂಟು. ಸಿಕ್ಕುವುದಕ್ಕೂ ಉರಿಯುವುದಕ್ಕೂ ನಡುವೆ ಎಷ್ಟು ದಾರಿಯಿದೆಯೆಂಬುದನ್ನು ಬ್ಯಾರೆಂಟ್ಸ್ ಸಮುದ್ರದಿಂದ ತಿಳಿಯಬಹುದು. ಇದು ನಾರ್ವೆ ಮತ್ತು ರಷ್ಯ ದೇಶಗಳ ಉತ್ತರಕ್ಕಿದೆ.

ಮೊದಲು ಶೋಧನೆ. ಹಡಗೊಂದು ನೀರಿನೊಳಗೆ ಒತ್ತಿಟ್ಟ ಗಾಳಿಯನ್ನು ಸಿಡಿಸುತ್ತದೆ. ಆ ಸದ್ದು ಸಮುದ್ರತಳದ ಕೆಳಗಿನ ಬಂಡೆಯ ಪದರಗಳಿಗೆ ತಾಗಿ ಮರಳುತ್ತದೆ; ಮರುದನಿಯಿಂದ ನಕ್ಷೆ ಬರೆಯುತ್ತಾರೆ. ನಕ್ಷೆ ಆಸೆ ಹುಟ್ಟಿಸುತ್ತದೆ, ಅಷ್ಟೆ. ಅನಿಲವಿದೆಯೋ ಇಲ್ಲವೋ ಬಾವಿ ಕೊರೆದೇ ನೋಡಬೇಕು. ಒಂದು ಬಾವಿಯಲ್ಲಿ ಸಿಕ್ಕರೂ ಲೆಕ್ಕ ಮುಗಿಯದು. ಗಿರಣಿಗೆ ಬಂದ ಹತ್ತಿಯಲ್ಲಿ ಒಂದೇ ಬೇಲು ಬಿಚ್ಚಿ ನೋಡಿ ಇಡೀ ಸರಕಿಗೆ ದರ ಕಟ್ಟುವವರುಂಟೆ? ಅಲ್ಲಲ್ಲಿ ಮತ್ತಷ್ಟು ಬಾವಿ ಕೊರೆದು, ಬಂಡೆಯ ತುಣುಕು ತೆಗೆದು, ಅನಿಲವನ್ನು ಕೆಲಕಾಲ ಹರಿಯಬಿಟ್ಟು ಒತ್ತಡ ಅಳೆಯುತ್ತಾರೆ. ಇದೇ ಮೌಲ್ಯಮಾಪನ. ಹಣ ಹೆಚ್ಚು ಬೇಡುವ, ಆದರೆ ಸುದ್ದಿಯಾಗದ ಕೆಲಸ.

ನಾರ್ವೆಯ ಸ್ನೋವಿಟ್ ನಿಕ್ಷೇಪ ಸಿಕ್ಕಿದ್ದು 1984ರಲ್ಲಿ. ಸರ್ಕಾರದ ಒಪ್ಪಿಗೆ 2002ರಲ್ಲಿ. ಅನಿಲ ದಡ ಸೇರಿದ್ದು 2007ರಲ್ಲಿ. ಅಲ್ಲಿ ನೀರಿನ ಮೇಲೆ ಒಂದು ಕಟ್ಟಡವೂ ಕಾಣದು. ಬಾವಿಗಳ ಬಾಯಿ ಸಮುದ್ರತಳದಲ್ಲೇ ಇದೆ. 143 ಕಿಲೋಮೀಟರು ಕೊಳವೆಯಲ್ಲಿ ಅನಿಲವು ಹ್ಯಾಮರ್‌ಫೆಸ್ಟ್ ಊರಿನ ಎದುರಿನ ದ್ವೀಪಕ್ಕೆ ಬರುತ್ತದೆ. ಅಲ್ಲಿ ಅದನ್ನು ಶೂನ್ಯಕ್ಕಿಂತ ಸುಮಾರು 160 ಡಿಗ್ರಿ ಕೆಳಗೆ ತಣಿಸಿ ದ್ರವ ಮಾಡಿದಾಗ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗಿಳಿಯುತ್ತದೆ. ಹಡಗಿಗೆ ತುಂಬಲು ಅನುಕೂಲ. 2020ರಲ್ಲಿ ಬೆಂಕಿ ಬಿದ್ದು 2022ರ ವರೆಗೆ ಆ ಕಾರ್ಖಾನೆ ನಿಂತಿತ್ತು.

ರಷ್ಯದ ಶ್ಟೋಕ್ಮನ್ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. 1988ರಲ್ಲಿ ಸಿಕ್ಕಿತು. ಏಳು ಬಾವಿ ಕೊರೆದು ಕಟ್ಟಿದ ಲೆಕ್ಕ ಸುಮಾರು 3 ಲಕ್ಷ 90 ಸಾವಿರ ಕೋಟಿ ಘನಮೀಟರು. ಅನಿಲಕ್ಕೆ ಕೊರತೆಯಿಲ್ಲ. ಕೊರತೆಯೆಲ್ಲ ದಾರಿಯದು: ದಡ ಸುಮಾರು 600 ಕಿಲೋಮೀಟರು ದೂರ, ನೀರು 300 ಮೀಟರಿಗೂ ಮಿಕ್ಕಿ ಆಳ. ಹಿಮಗುಡ್ಡ ತೇಲಿಬಂದರೆ ಕೊಳವೆಯಿಂದ ಕಳಚಿಕೊಂಡು ಸರಿದು ನಿಲ್ಲಬಲ್ಲ ಹಡಗಿನಂಥ ವೇದಿಕೆಯನ್ನೇ ಯೋಚಿಸಬೇಕಾಯಿತು. 2008ರಲ್ಲಿ ರಷ್ಯ, ಫ್ರಾನ್ಸ್, ನಾರ್ವೆಗಳ ಕಂಪನಿಗಳು ಕೂಡಿ ಕೆಲಸಕ್ಕಿಳಿದವು. ಅಷ್ಟರಲ್ಲಿ ಅಮೆರಿಕ ತನ್ನ ನೆಲದ ಜೇಡುಬಂಡೆಯಿಂದಲೇ ಅನಿಲ ತೆಗೆಯತೊಡಗಿ, ನೆಚ್ಚಿಕೊಂಡಿದ್ದ ಗಿರಾಕಿ ತಪ್ಪಿಹೋದ. ಖರ್ಚೋ ಏರುತ್ತಿತ್ತು. 2012ರಲ್ಲಿ ಯೋಜನೆಯನ್ನು ನಿಲ್ಲಿಸಿದರು.

ಆ ಅನಿಲ ದಡ ಸೇರಬೇಕಾಗಿದ್ದುದು ತೆರಿಬೆರ್ಕಾ ಎಂಬ ಮೀನುಗಾರರ ಹಳ್ಳಿಯ ಬಳಿ. ಜನ ಕಡಿಮೆಯಾಗುತ್ತ ಬಂದಿದ್ದ ಊರು. ಕಾರ್ಖಾನೆ ಬಂದಿದ್ದರೆ ಅಲ್ಲಿ ಕೆಲಸವಿರುತ್ತಿತ್ತು. ಕಾರ್ಖಾನೆ ಏಳಲಿಲ್ಲ. ಈಗ ಅಲ್ಲಿಗೆ ಹೋಗುವವರು ಪ್ರವಾಸಿಗಳು, ಚಳಿಗಾಲದ ಆಕಾಶದಲ್ಲಿ ಹಸುರು ಬೆಳಕನ್ನು ನೋಡಲು.