ಗುರುವಿನ ಮುಖದ ಮೇಲೆ ಅಯೋ ನೆರಳು

ನಮ್ಮ ಗುಂಪಿನಲ್ಲಿ ನಾಲ್ವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ತಾಲೂಕಿಗೊಬ್ಬರು. ಗುರುಗ್ರಹದ ಮುಂದೆ ಅದರ ಚಂದ್ರ ಅಯೋ ಹಾದುಹೋಗೋದನ್ನ ನೋಡಬೇಕು ಅಂತ ಹೊರಟವರು ಮೊದಲನೇ ಸಲ ನೋಡಲೇ ಇಲ್ಲ. ವೇಳಾಪಟ್ಟಿಯಲ್ಲಿ 14:20 ಅಂತ ಇತ್ತು. ಮಧ್ಯಾಹ್ನ ಎಲ್ಲಿ ಗುರು ಕಾಣ್ತಾನೆ ಅಂತ ಆ ಶನಿವಾರ ಶಿರಾದಲ್ಲಿ ಸ್ನೇಹಿತನ ಮನೇಲಿ ಸುಮ್ಮನೆ ಕೂತಿದ್ವಿ. ಅದು ಗ್ರೀನಿಚ್ ಸಮಯ! ಐದೂವರೆ ಗಂಟೆ ಸೇರಿಸಿದರೆ ನಮಗೆ ರಾತ್ರಿ 7:50. ಗೊತ್ತಾದಾಗ ಹನ್ನೊಂದು ದಾಟಿತ್ತು. ಅಯೋ ಹೋಗಿ ಅಯ್ಯೋ ಆಯ್ತು.

ಆದರೆ ಲೆಕ್ಕ ನಮ್ಮ ಕಡೆಗಿತ್ತು. ಅಯೋ ಒಂದು ಸುತ್ತಿಗೆ ಸುಮಾರು 42 ಗಂಟೆ 28 ನಿಮಿಷ ತಗೊಳ್ಳುತ್ತೆ. ನಾಲ್ಕು ಸುತ್ತು ಅಂದರೆ 7 ದಿನದ ಮೇಲೆ 1 ಗಂಟೆ 54 ನಿಮಿಷ. ಹಾಗಾಗಿ ಈ ಶನಿವಾರ ತಪ್ಪಿದ್ದು ಮುಂದಿನ ಶನಿವಾರ ಎರಡು ಗಂಟೆ ತಡವಾಗಿ ಮತ್ತೆ ಸಿಗುತ್ತೆ. ಎಷ್ಟು ಹೊತ್ತು ಇರುತ್ತೆ? ಗುರುವಿನ ವ್ಯಾಸ ಸುಮಾರು 1,43,000 ಕಿ.ಮೀ., ಅಯೋ ವೇಗ ಸೆಕೆಂಡಿಗೆ 17.3 ಕಿ.ಮೀ. ಭಾಗಿಸಿ ನೋಡಿ, 2 ಗಂಟೆ 18 ನಿಮಿಷ.

ಜಾಗಕ್ಕೆ ಜಗಳ ಆಯ್ತು. ಪಾವಗಡದವನು ನಮ್ಮೂರೇ ಕತ್ತಲು, ಅಲ್ಲಿಗೇ ಬನ್ನಿ ಅಂದ. ಗುರುವಿಗೆ ಕತ್ತಲು ಬೇಕಿಲ್ಲ, ಅದು ಬೀದಿದೀಪದ ನಡುವೆಯೂ ಕಾಣುತ್ತೆ. ಬೇಕಾದ್ದು ಅಲುಗದ ಗಾಳಿ. ಇದು ಗೊತ್ತಿದ್ದೂ ಮಧುಗಿರಿ ಬೆಟ್ಟದ ಬುಡದ ಬಂಡೆ ಮೇಲೆ 5 ಇಂಚಿನ ದೂರದರ್ಶಕ ಇಟ್ವಿ, ಫೋಟೋ ಚೆನ್ನಾಗಿ ಬರುತ್ತೆ ಅಂತ! ಹಗಲೆಲ್ಲ ಕಾದ ಬಂಡೆ ರಾತ್ರಿ ಶಾಖ ಬಿಡುತ್ತಾ ಇರುತ್ತೆ. ಗುರು ಕುದಿಯೋ ಎಸರಿನ ತಳದಲ್ಲಿ ಬಿದ್ದ ನಾಣ್ಯದ ಥರ ನಡುಗುತ್ತಿತ್ತು. 9:44ಕ್ಕೆ ಅಯೋ ಒಳಗೆ ಹೋಗಿದ್ದೂ ತಿಳೀಲಿಲ್ಲ. ಎಲ್ಲ ಕಟ್ಟಿಕೊಂಡು ಬೈಕಲ್ಲಿ ಕೊರಟಗೆರೆ ದಾರಿಯ ಸ್ನೇಹಿತನ ಹೊಲಕ್ಕೆ ಓಡಿದ್ವಿ.

ಮಣ್ಣಿನ ನೆಲದ ಮೇಲೆ ಬಿಂಬ ನಿಂತಿತು. ಇಲ್ಲೊಂದು ಮಾತು: ಹುಡುಕಬೇಕಾದ್ದು ಚಂದ್ರನನ್ನಲ್ಲ, ಅದರ ನೆರಳನ್ನ. ಬೆಳ್ಳಗಿನ ಗುರುವಿನ ಮುಂದೆ ಬೆಳ್ಳಗಿನ ಅಯೋ ಕರಗಿಹೋಗುತ್ತೆ. ಅಗಲದಲ್ಲಿ ಗುರುವಿನ 39ರಲ್ಲಿ ಒಂದು ಪಾಲು ಅದು. ನೆರಳು ಮಾತ್ರ ಶಾಯಿಯಷ್ಟು ಕಪ್ಪು. ಗುರು ಸೂರ್ಯನಿಗೆ ಎದುರಾಗಿ ರಾತ್ರಿಯಿಡೀ ಕಾಣುವ ದಿನಕ್ಕೆ (ಈ ಸಲ 2026ರ ಜನವರಿ 10) ಮುಂಚೆ ಆದರೆ ನೆರಳು ಮೊದಲು ಬರುತ್ತೆ, ಚಂದ್ರ ಹಿಂದೆ. ಆಮೇಲೆ ಉಲ್ಟಾ. ನಾವು ನೋಡಿದ್ದು ಆಮೇಲೆ, ಹಾಗಾಗಿ ಹನ್ನೊಂದು ಗಂಟೆಗೂ ನೆರಳು ಮಧ್ಯದಲ್ಲೇ ಇತ್ತು.

ಸ್ನೇಹಿತನ ಅಜ್ಜಿಯನ್ನೂ ಎಬ್ಬಿಸಿ ತೋರಿಸಿದ್ವಿ. ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿ, "ಮಗೀಗೆ ದೃಷ್ಟಿಬೊಟ್ಟು ಇಟ್ಟಂಗೈತೆ ಕಣ್ರಪ್ಪಾ" ಅಂದರು. ಹನ್ನೆರಡಕ್ಕೆ ಅಯೋ ಅಂಚಿಗೆ ಬಂದು ಸಣ್ಣ ಗುಳ್ಳೆ ಥರ ಎದ್ದು ಕಾಣಿಸ್ತು, ಒಂದೆರಡು ನಿಮಿಷಕ್ಕೆ ಬಿಡಿಸಿಕೊಂಡು ಹೊರಗೆ ನಿಂತಿತು.

ಮುಂದಿನದು ಗ್ಯಾನಿಮೀಡ್. ಅದು ಬರೋದು 7 ದಿನ 4 ಗಂಟೆಗೊಮ್ಮೆ, ನೆರಳು ಇನ್ನೂ ದೊಡ್ಡದು. ಈ ಸಲ ಪಾವಗಡದವನ ಹಿತ್ತಲು, ಮಣ್ಣಿನ ನೆಲ. ಬರೋರು ಸ್ವೆಟರ್ ತನ್ನಿ, ಸಮಯಕ್ಕೆ ಐದೂವರೆ ಸೇರಿಸ್ಕೊಳ್ಳಿ.