ಚಿಕಿತ್ಸೆಯ ನಡುವೆ ಮತ್ತೆ ಶಾಲೆಗೆ: ಟೀಚರಿಗೆ ಏನೇನು ಗೊತ್ತಿರಬೇಕು?

ಇವತ್ತಿನ ವಿಷಯ ಸ್ವಲ್ಪ ಭಾರವಾದದ್ದು. ಮಗುವಿಗೆ ದೊಡ್ಡ ಕಾಯಿಲೆ ಬಂದಿದೆ, ಚಿಕಿತ್ಸೆ ಒಂದು ಹಂತ ದಾಟಿದೆ, "ಇನ್ನು ಶಾಲೆಗೆ ಕಳಿಸಬಹುದು" ಅಂತ ಡಾಕ್ಟರು ಹೇಳಿದ್ದಾರೆ. ಆಗ ಮನೆಯಲ್ಲಿ ಏಳೋ ಪ್ರಶ್ನೆ: ಶಾಲೆಯವರಿಗೆ ಎಷ್ಟು ಹೇಳೋದು? ಹೇಳಿದರೆ ಮಗೂನ ಬೇರೆ ಥರ ನೋಡ್ತಾರೇನೋ ಅನ್ನೋ ಭಯ ಸಹಜವೇ. ಇದಕ್ಕೆ ಜೀವಶಾಸ್ತ್ರ ಏನು ಹೇಳುತ್ತೆ ನೋಡೋಣ.

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರನ್ನೇ ಉದಾಹರಣೆಗೆ ತಗೊಳ್ಳೋಣ. ಅದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಒಂದು ಬಗೆಯ ರಕ್ತದ ಕ್ಯಾನ್ಸರ್. ಇವತ್ತು ಬಹುಪಾಲು ಮಕ್ಕಳು ಇದರಿಂದ ಗುಣವಾಗ್ತಾರೆ. ಆದರೆ ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯುತ್ತೆ. ಮೊದಲ ಕೆಲವು ತಿಂಗಳ ತೀವ್ರ ಚಿಕಿತ್ಸೆ ಮುಗಿದ ಮೇಲೆ 'ಮೇಂಟೆನೆನ್ಸ್' ಹಂತ. ಅನೇಕ ಮಕ್ಕಳು ಶಾಲೆಗೆ ಮರಳೋದು ಆವಾಗಲೇ. ಕೂದಲು ಮತ್ತೆ ಬಂದಿರುತ್ತೆ, ನೋಡೋಕೆ ಗುಣವಾದ ಹಾಗೇ ಕಾಣುತ್ತೆ. ಆದರೆ ದಿನಾ ಮರ್ಕ್ಯಾಪ್ಟೋಪ್ಯೂರಿನ್, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ನಡೆದೇ ಇರುತ್ತೆ. ಇವು ಕ್ಯಾನ್ಸರ್ ಕೋಶಗಳ ಜೊತೆಗೆ ಮೂಳೆಮಜ್ಜೆಯಲ್ಲಿ ಹುಟ್ಟುವ ಆರೋಗ್ಯವಂತ ಬಿಳಿ ರಕ್ತಕಣಗಳನ್ನೂ ಕಡಿಮೆ ಮಾಡ್ತವೆ.

ದಡಾರ, ಚಿಕನ್ ಪಾಕ್ಸ್ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರೋದರಿಂದ ಈ ಮಕ್ಕಳಿಗೆ ಆಗ ಅವನ್ನು ಕೊಡುವಂತಿಲ್ಲ. ಹಾಗಾಗಿ ಅವರ ರಕ್ಷಣೆ ಸುತ್ತಲಿನ ಮಕ್ಕಳ ಲಸಿಕೆಯನ್ನು ಅವಲಂಬಿಸಿದೆ. ದಡಾರ ಹರಡದೆ ನಿಲ್ಲಬೇಕಾದರೆ ನೂರಕ್ಕೆ ಸುಮಾರು 95 ಮಂದಿಗಾದರೂ ರೋಗನಿರೋಧಕತೆ ಇರಬೇಕು. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಡಾರ ಹಬ್ಬಿದಾಗ, ಲ್ಯುಕೇಮಿಯಾಗೆ ಚಿಕಿತ್ಸೆ ಪಡೆದಿದ್ದ ಬಾಲಕನೊಬ್ಬನ ಹೆತ್ತವರು ಇಲ್ಲೇ ಮರಿನ್ ಕೌಂಟಿಯಲ್ಲಿ ಈ ಮಾತನ್ನು ಬಹಿರಂಗವಾಗಿ ಎತ್ತಿದರು. ಅದೇ ವರ್ಷ ಜೂನ್ 30ರಂದು ಗವರ್ನರ್ ಜೆರ್ರಿ ಬ್ರೌನ್ ಎಸ್‌ಬಿ 277 ಕಾಯ್ದೆಗೆ ಸಹಿ ಹಾಕಿದರು. ವೈಯಕ್ತಿಕ ನಂಬಿಕೆಯ ಕಾರಣ ಕೊಟ್ಟು ಶಾಲಾ ಲಸಿಕೆಯಿಂದ ವಿನಾಯಿತಿ ಪಡೆಯೋದು ಅದರಿಂದ ಕೊನೆಯಾಯ್ತು.

ಕಾಯ್ದೆ ಇದ್ದರೂ ಅಪಾಯ ಪೂರ್ತಿ ಹೋಗಲ್ಲ. ಚಿಕನ್ ಪಾಕ್ಸ್, ಅಂದರೆ ನಮ್ಮೂರಲ್ಲಿ 'ಅಮ್ಮ' ಅಂತಾರಲ್ಲ, ಅದು ಗುಳ್ಳೆ ಏಳೋಕೆ ಒಂದೆರಡು ದಿನ ಮೊದಲೇ ಹರಡುತ್ತೆ. ಪಕ್ಕದಲ್ಲಿ ಕೂತಿದ್ದ ಮಗುವಿಗೆ ಗುಳ್ಳೆ ಬಂದಿದೆ ಅಂತ ಗೊತ್ತಾದ ಕೂಡಲೇ ಡಾಕ್ಟರಿಗೆ ತಿಳಿಸಿದರೆ ಪ್ರತಿಕಾಯಗಳ ಇಂಜೆಕ್ಷನ್ ಕೊಡಬಹುದು. ಅದಕ್ಕೆ ಗಡುವು ಸೋಂಕಿತರ ಸಂಪರ್ಕವಾಗಿ 10 ದಿನ, ದಡಾರಕ್ಕೆ 6 ದಿನ. ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ಟೀಚರಿಗೆ ವಿಷಯ ಗೊತ್ತಿದ್ದರೆ ಅವತ್ತೇ ನಿಮಗೆ ಫೋನ್ ಬರುತ್ತೆ. ಇಲ್ಲದಿದ್ದರೆ ಎರಡು ವಾರ ಕಳೆದು ಯಾರದೋ ಬರ್ತ್‌ಡೇ ಪಾರ್ಟಿಯಲ್ಲಿ ಸುದ್ದಿ ಕಿವಿಗೆ ಬೀಳುತ್ತೆ.

ಇನ್ನು ಕಲಿಕೆ. ವಿನ್‌ಕ್ರಿಸ್ಟಿನ್ ಅನ್ನೋ ಔಷಧಿ ಕೈಕಾಲಿನ ನರಗಳಿಗೆ ತೊಂದರೆ ಕೊಡಬಹುದು. ಅಕ್ಷರ ಕೆಡುತ್ತೆ, ಮೆಟ್ಟಿಲು ಹತ್ತೋದು ಕಷ್ಟವಾಗುತ್ತೆ. ಬೆನ್ನುಹುರಿಯ ದ್ರವಕ್ಕೆ ಕೊಡುವ ಔಷಧಿಯಿಂದ ಕೆಲವು ಮಕ್ಕಳಲ್ಲಿ ಗಮನ, ಯೋಚನೆಯ ವೇಗ ಕಡಿಮೆಯಾಗಬಹುದು. ಸ್ಟೀರಾಯ್ಡ್ ತಗೊಳ್ಳೋ ದಿನಗಳಲ್ಲಿ ವಿಪರೀತ ಹಸಿವು, ಸಿಡುಕು. ಕಾರಣ ಗೊತ್ತಿಲ್ಲದವರ ಕಣ್ಣಿಗೆ ಇದೆಲ್ಲ ಸೋಮಾರಿತನ, ಹಟ. ನಾವೂ "ಹಿಂದೆ ಬಿದ್ದುಬಿಟ್ಟ" ಅಂತ ಮನೆಯಲ್ಲಿ ಇನ್ನೊಂದು ಟ್ಯೂಷನ್ ಸೇರಿಸ್ತೀವಿ. ಆ ಮಗುವಿಗೆ ನಿಜವಾಗಿ ಬೇಕಾದದ್ದು ಪರೀಕ್ಷೆಗೆ ಹೆಚ್ಚು ಸಮಯ, ಕಡಿಮೆ ಬರವಣಿಗೆ, ತರಗತಿಯಲ್ಲಿ ತಿಂಡಿಗೆ ಅನುಮತಿ.

ಇವನ್ನು ಕೇಳೋದಕ್ಕೆ ಇಲ್ಲಿ ಹಕ್ಕಿದೆ. ಅದೇ 1973ರ ರಿಹ್ಯಾಬಿಲಿಟೇಶನ್ ಕಾಯ್ದೆಯ 504ನೇ ಸೆಕ್ಷನ್. ಅದರ ನಿಯಮಗಳಿಗೆ ಸರ್ಕಾರ ವರ್ಷಗಟ್ಟಲೆ ಸಹಿ ಹಾಕದಿದ್ದಾಗ, 1977ರ ಏಪ್ರಿಲ್ 5ರಂದು ಅಂಗವಿಕಲ ಹೋರಾಟಗಾರರು ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಟ್ಟಡದೊಳಗೆ ಧರಣಿ ಕೂತರು. ಮುಂದಾಳುಗಳಲ್ಲಿ ಒಬ್ಬರು ಜೂಡಿ ಹ್ಯೂಮನ್. ಪೋಲಿಯೊ ಆಗಿದ್ದ ಅವರನ್ನು ಚಿಕ್ಕವರಿದ್ದಾಗ, ಬೆಂಕಿ ಬಿದ್ದರೆ ಗಾಲಿಕುರ್ಚಿ ಅಪಾಯ ಅಂತ ಹೇಳಿ ಶಾಲೆ ಸೇರಿಸಿಕೊಂಡಿರಲಿಲ್ಲ. ಧರಣಿ ಮೂರು ವಾರ ದಾಟಿದ ಮೇಲೆ, ಏಪ್ರಿಲ್ 28ರಂದು ಸಹಿ ಬಿತ್ತು. ಇವತ್ತಿನ '504 ಪ್ಲಾನ್' ಅಲ್ಲಿಂದ ಬಂದದ್ದು. ನಿಮ್ಮ ವೀಸಾ ಯಾವುದೇ ಇರಲಿ, ಪಬ್ಲಿಕ್ ಶಾಲೆಯಲ್ಲಿ ಇದನ್ನು ಕೇಳಬಹುದು.

ಪ್ರಿನ್ಸಿಪಾಲರಿಗೆ ಒಂದು ಇಮೇಲ್ ಬರೆದು 504 ಮೌಲ್ಯಮಾಪನ ಕೇಳಿ, ಡಾಕ್ಟರ ಪತ್ರ ಜೊತೆಗಿಡಿ. ಮೂರು ವಿಷಯ ಸ್ಪಷ್ಟವಾಗಿ ಬರೆಯಿರಿ: ಸೋಂಕಿನ ಸುದ್ದಿ ಅವತ್ತೇ ತಿಳಿಸಬೇಕು, ಜ್ವರ ಡಾಕ್ಟರು ಹೇಳಿದ ಮಟ್ಟ, ಸಾಮಾನ್ಯವಾಗಿ 100.4 ಡಿಗ್ರಿ ಫ್ಯಾರನ್‌ಹೀಟ್, ಮುಟ್ಟಿದರೆ ಮಾತ್ರೆ ಕೊಡದೆ ತಕ್ಷಣ ಫೋನ್ ಮಾಡಬೇಕು. ಓದಿನಲ್ಲಿ ಇಂತಿಂಥ ಅನುಕೂಲ ಬೇಕು. ಶಾಲೆಗೆ ಹೋಗಲಾಗದ ವಾರಗಳು ಬಂದರೆ ಮನೆಗೇ ಶಿಕ್ಷಕರನ್ನು ಕಳಿಸುವ ಹೋಂ-ಹಾಸ್ಪಿಟಲ್ ವ್ಯವಸ್ಥೆಯೂ ಕ್ಯಾಲಿಫೋರ್ನಿಯಾದಲ್ಲಿದೆ, ಅದನ್ನೂ ಕೇಳಿ.

ಶಾಲೆಗೆ ಹೇಳೋದು ಅಂದರೆ ಊರಿಗೆಲ್ಲ ಸಾರೋದಲ್ಲ. ಟೀಚರ್, ನರ್ಸ್, ಪ್ರಿನ್ಸಿಪಾಲ್, ಇಷ್ಟು ಜನಕ್ಕೆ ಗೊತ್ತಿದ್ದರೆ ಸಾಕು. ಗೆಳೆಯರಿಗೆ ಏನು ಹೇಳಬೇಕು ಅನ್ನೋದನ್ನು ಮಗುವನ್ನೇ ಕೇಳಿ, ಅದರ ಮಾತಿನಲ್ಲೇ ಹೇಳಲಿ.

ನಿಮ್ಮ ಮಗುವಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.