ಒತ್ತಡ ಹೊತ್ತ ಗೋಡೆಗಳು

ಮೆಡಿಕಲ್ ಕಾಲೇಜಿನಲ್ಲಿ ಹಿಸ್ಟಾಲಜಿ, ಅಂದರೆ ಅಂಗಾಂಶಶಾಸ್ತ್ರ, ಕಲಿಸುವ ನನಗೆ ರಕ್ತನಾಳಗಳ ಸ್ಲೈಡುಗಳೆಂದರೆ ವಿಶೇಷ ಪ್ರೀತಿ. ನಾಳದ ಗೋಡೆಯ ಪದರಗಳನ್ನು ಒಳಗೆ ಇಂಟಿಮಾ, ನಡುವೆ ಮೀಡಿಯಾ, ಹೊರಗೆ ಅಡ್ವೆಂಟೀಷಿಯಾ ಎಂದು ವಿದ್ಯಾರ್ಥಿಗಳು ಒಂದೇ ಉಸಿರಿಗೆ ಹೇಳುತ್ತಾರೆ. ಮೈಕ್ರೋಸ್ಕೋಪಿನ ಮುಂದೆ ಕೂತು, ಅಪಧಮನಿ ಯಾವುದು, ಅಭಿಧಮನಿ ಯಾವುದು ಎಂದು ಕೇಳಿದರೆ ತಡವರಿಸುತ್ತಾರೆ.

ಪದರ ಎಣಿಸುವ ಮೊದಲು, ಈ ಗೋಡೆ ಎಷ್ಟು ಒತ್ತಡ ಹೊತ್ತಿತ್ತು ಎಂದು ಯೋಚಿಸಬೇಕು. ಕಲಿಸುತ್ತ ಕಲಿಸುತ್ತ ನನಗೆ ಗಟ್ಟಿಯಾದ ಪಾಠ ಇದು. ಮಹಾಪಧಮನಿಯ ಮೀಡಿಯಾದ ತುಂಬ ಎಲಾಸ್ಟಿನ್ ಹಾಳೆಗಳು. ಹೃದಯ ಕುಗ್ಗಿ ರಕ್ತ ನುಗ್ಗಿದಾಗ ಅವು ಹಿಗ್ಗುತ್ತವೆ, ಹೃದಯ ಸಡಿಲಗೊಂಡಾಗ ಮತ್ತೆ ಮುದುಡಿ ರಕ್ತವನ್ನು ಮುಂದೆ ತಳ್ಳುತ್ತವೆ. ಮಾಮೂಲಿ ಎಚ್ ಆಂಡ್ ಇ ಬಣ್ಣದಲ್ಲಿ ಈ ಹಾಳೆಗಳು ಗುಲಾಬಿಯೊಳಗೆ ಕರಗಿಹೋಗುತ್ತವೆ. ಹಾಗಾಗಿ ವರ್ಹಾಫ್ ಬಣ್ಣದ ಸ್ಲೈಡನ್ನೂ ಪಕ್ಕದಲ್ಲಿಡುತ್ತೇನೆ. ಅದರಲ್ಲಿ ಕಪ್ಪು ಗೆರೆಗಳು ಸಾಲುಸಾಲಾಗಿ ಎದ್ದು ಕಾಣುತ್ತವೆ.

ಸ್ನಾಯು ಹೆಚ್ಚಿರುವ ಅಪಧಮನಿಯ ಚಿತ್ರದಲ್ಲಿ ಒಳಗಿನ ಎಲಾಸ್ಟಿಕ್ ಪೊರೆಯನ್ನು ಎಲ್ಲರೂ ಅಂಕುಡೊಂಕಾಗಿ ಬರೆಯುತ್ತಾರೆ. ಜೀವಂತ ದೇಹದಲ್ಲಿ ಅದು ಅಷ್ಟು ಡೊಂಕಿರುವುದಿಲ್ಲ. ರಕ್ತದ ಒತ್ತಡ ಹೋಗಿ ಸ್ನಾಯು ಬಿಗಿದುಕೊಂಡಾಗ ಪೊರೆ ಸೀರೆಯ ನಿರಿಗೆಯಂತೆ ಮಡಿಕೆ ಬೀಳುತ್ತದೆ. ಪಕ್ಕದಲ್ಲೇ ಇರುವ ಅಭಿಧಮನಿಯ ಗೋಡೆ ತೆಳು, ಆಕಾರವೂ ಅಪ್ಪಚ್ಚಿ.

ನಾಳಗಳಿಂದ ಹೃದಯದ ಗೋಡೆಗೆ ಬಂದರೆ, ಅದರ ಸ್ನಾಯುವಿನಲ್ಲಿ ಕೋಶಗಳು ಕವಲೊಡೆದು ಒಂದನ್ನೊಂದು ಹಿಡಿದಿರುತ್ತವೆ. ಅವು ಕೂಡುವಲ್ಲಿ ಅಡ್ಡಗೆರೆಯಾಗಿ ಕಾಣುವ ಇಂಟರ್ಕಲೇಟೆಡ್ ಡಿಸ್ಕುಗಳ ಮೂಲಕವೇ ವಿದ್ಯುತ್ ಸಂಕೇತ ದಾಟುವುದು. ಈ ಸಂಕೇತವನ್ನು ಹೃದಯದಲ್ಲಿ ಬೇಗ ಹರಡುವ ಪರ್ಕಿಂಜೆ ತಂತುಗಳನ್ನು ತೋರಿಸಲು ಮಾತ್ರ ನಾನು ಕುರಿಯ ಹೃದಯಕ್ಕೇ ಹೋಗುತ್ತೇನೆ. 1839ರಲ್ಲಿ ವಿಜ್ಞಾನಿ ಪರ್ಕಿಂಜೆ ಅವನ್ನು ವರ್ಣಿಸಿದ್ದೂ ಕುರಿಯ ಹೃದಯದಲ್ಲೇ. ಮನುಷ್ಯನ ಸ್ಲೈಡಿಗಿಂತ ಅಲ್ಲಿ ಅವು ದಪ್ಪವಾಗಿ, ತಿಳಿಬಣ್ಣದಲ್ಲಿ ಸ್ಪಷ್ಟವಾಗಿರುತ್ತವೆ.

ಬೈಪಾಸ್ ಶಸ್ತ್ರಚಿಕಿತ್ಸೆಯ ವಿಷಯ ಬಂದಾಗ ತರಗತಿ ನಿಶ್ಶಬ್ದವಾಗುತ್ತದೆ. ಕಾಲಿನಿಂದ ತೆಗೆದ ಅಭಿಧಮನಿಯನ್ನು ಹೃದಯಕ್ಕೆ ಜೋಡಿಸಿದ ಮೇಲೆ ಅದು ಅಪಧಮನಿಯ ಒತ್ತಡವನ್ನು ಹೊರಬೇಕು. ಅದರ ಇಂಟಿಮಾ ದಪ್ಪವಾಗುತ್ತ ಹೋಗುತ್ತದೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಆ ನಾಳ ಕಿರಿದಾಗಲು ಇದೂ ಒಂದು ಕಾರಣ. ಇದನ್ನು ಕೇಳಿದ ವಿದ್ಯಾರ್ಥಿಗಳು ಇಂಟಿಮಾವನ್ನು ಮತ್ತೆಂದೂ ಬರಿಯ ಗೆರೆಯಾಗಿ ಬರೆಯುವುದಿಲ್ಲ. ವೈವಾದಲ್ಲಿ ನಾನೂ ಈಗ ಸ್ಲೈಡಿನ ಹೆಸರು ಕೇಳಿ ಬಿಡುವುದಿಲ್ಲ. ಈ ಗೋಡೆ ಹೀಗೇಕಿದೆ ಎಂದೂ ಕೇಳುತ್ತೇನೆ.